ಹುಳುಮನೆಯ ಹಳೇ ಹಾಳೆ

"ನಶ್ಯದ ಡಬ್ಬಿ ಆಚೆ ಇಟ್ಟು ಬನ್ನಿ ದಫೇದಾರಣ್ಣ. ಇಲ್ಲಾಂದ್ರೆ ಹೊಸ್ತಿಲು ದಾಟಬೇಡಿ."

ದೊಡ್ಡಮುನಿಯಮ್ಮ ಹುಳುಮನೆಯ ಬಾಗಿಲಿಗೆ ಅಡ್ಡ ನಿಂತಿದ್ದಳು. ಕೈಯಲ್ಲಿ ಪೊರಕೆ ಇತ್ತು. ಒಳಗೆ ಕಾಪಾಡಬೇಕಾದ ರೇಷ್ಮೆ ಹುಳು ಒಂದೂ ಉಳಿದಿರಲಿಲ್ಲ. ಆದರೂ ಇಪ್ಪತ್ತು ವರ್ಷ ಹುಳು ಸಾಕಿದವಳಿಗೆ ಅಭ್ಯಾಸ ಎರಡು ದಿನದಲ್ಲಿ ಬಿಟ್ಟುಹೋಗುತ್ತದೆಯೇ?

ಹೊಗೆಸೊಪ್ಪು ಮುಟ್ಟಿದ ಕೈ ಸೋಕಿದರೆ ಹುಳು ತಲೆಯೆತ್ತಿ ಒದ್ದಾಡಿ, ಹಸಿರು ನೀರು ಕಾರಿ ಸಾಯುತ್ತದೆ. ಸುಗಟೂರಿನಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಬೀಡಿ ಸೇದುವ ಗಂಡಸರು ಹುಳು ಇರುವ ಮನೆಗೆ ಬಂದರೆ ಜಗುಲಿಯಲ್ಲೇ ಕೂತು ಮಾತು ಮುಗಿಸಿ ಎದ್ದು ಹೋಗುತ್ತಾರೆ.

ಗಂಗುಲಪ್ಪ ಡಬ್ಬಿಯನ್ನು ಜಗುಲಿಯ ಮೇಲಿಟ್ಟ. ಮೂವತ್ತು ವರ್ಷ ಪೊಲೀಸಿನಲ್ಲಿದ್ದು ದಫೇದಾರನಾಗಿ ನಿವೃತ್ತನಾದವನು. ಈಗ ಬೈರಕೂರಿನಲ್ಲಿ ಮಾವಿನ ತೋಟ ನೋಡಿಕೊಂಡಿದ್ದಾನೆ. ಆ ತೋಟ ಬಿಟ್ಟು ಎರಡು ಬಸ್ಸು ಬದಲಾಯಿಸಿ ಇಲ್ಲಿಗೆ ಬಂದದ್ದಕ್ಕೆ ಕಾರಣ ಒಂದೇ. ಆ ಕಾರಣ ಅವನ ಬೆನ್ನ ಹಿಂದೆಯೇ, ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಕಟ್ಟಿಕೊಂಡು ನಿಂತಿತ್ತು.

ಶ್ಯಾಮಲಮ್ಮ. ಇವಳು ಕೊಟ್ಟ ಹಳೇ ಪೇಪರು ಹಾಸಿದ್ದಕ್ಕೇ ಮೂರು ಮನೆಯ ಹುಳು ಸ್ವಾತಂತ್ರ್ಯ ದಿನದಂದು ಒಂದೇ ಹಗಲಲ್ಲಿ ಸತ್ತವು ಎಂದು ಊರೆಲ್ಲ ಹೇಳುತ್ತಿತ್ತು. ಇವತ್ತು ನಾಲ್ಕು ಗಂಟೆಗೆ ಅರಳಿಕಟ್ಟೆಯಲ್ಲಿ ಊರು ಸೇರಿ ಅವಳ ಶೆಡ್ಡಿಗೆ ಬೀಗ ಹಾಕುವುದು ಎಂದು ತೀರ್ಮಾನವಾಗಿತ್ತು. ಠಾಣೆಯ ಕಾಲದಿಂದ ಪರಿಚಯವಿದ್ದ ದಫೇದಾರನಿಗೆ ಅವಳೇ ಹೇಳಿ ಕಳಿಸಿದ್ದಳು.

ಈಗ ಎರಡೂವರೆ.

"ಕೈ ಚಾಚಿ," ಎಂದಳು ದೊಡ್ಡಮುನಿಯಮ್ಮ. ಚೊಂಬಿನಿಂದ ನೀರು ಹೊಯ್ದಳು. ಗಂಗುಲಪ್ಪ ಸೋಪು ಹಚ್ಚಿ ಎರಡು ಸಲ ಕೈ ತೊಳೆದ. ತೊಳೆಯುವಾಗ ಅವನ ಕಣ್ಣು ಕೈಯ ಮೇಲಿರಲಿಲ್ಲ, ಚೊಂಬಿನ ಮೇಲಿತ್ತು. ಹೊಸ ಸ್ಟೀಲ್ ಚೊಂಬು. ಫಳಫಳ ಹೊಳೆಯುತ್ತಿತ್ತು.

ಅವನು ಬಾಗಿಲ ಬಳಿ ಹರಡಿದ್ದ ಸುಣ್ಣದ ಪುಡಿಯಲ್ಲಿ ಕಾಲಿಟ್ಟು ಒಳಗೆ ಹೋದ. ಶ್ಯಾಮಲಮ್ಮ ಹಿಂಬಾಲಿಸಿದಳು.

ಒಳಗೆ ಬಿದಿರು ತಟ್ಟೆಗಳು ಸೂರಿನವರೆಗೆ ಸಾಲಾಗಿದ್ದವು. ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಪೊರೆ ಕಳಚಿ, ಇನ್ನು ಮೂರೇ ದಿನದಲ್ಲಿ ಗೂಡು ಕಟ್ಟಲು ಹಣ್ಣಾಗಬೇಕಿದ್ದ ಹುಳುಗಳು ಬಾಡಿದ ಸೊಪ್ಪಿನ ಮೇಲೆ ಕಪ್ಪಾಗಿ ಬಿದ್ದಿದ್ದವು. ಗಂಗುಲಪ್ಪನೇ ಹಟ ಮಾಡಿ ಒಂದು ತಟ್ಟೆಯನ್ನೂ ಬಳಿದು ಖಾಲಿ ಮಾಡಕೂಡದೆಂದು ಹೇಳಿ ಕಳಿಸಿದ್ದ. ನಾತ ಮೂಗಿಗೆ ಬಡಿಯಿತು.

ಆ ತಟ್ಟೆಗಳನ್ನು ನೋಡಿದವರಿಗೆ ಶ್ಯಾಮಲಮ್ಮನ ಮೇಲೆ ಸಿಟ್ಟು ಬಂದರೆ ತಪ್ಪೆನ್ನಲಾರೆ. ಆದರೆ ಊರಿನ ಸಿಟ್ಟೆಲ್ಲ ಹುಳುವಿಗಾಗಿ ಬಂದದ್ದೂ ಅಲ್ಲ. ಕಸ ಆರಿಸುವ ಹೆಂಗಸು ತಲೆಯೆತ್ತಿ ನಡೆದಳಲ್ಲ, ಅದು ಕೆಲವರಿಗೆ ಮೊದಲಿನಿಂದಲೂ ಕಣ್ಣು ಚುಚ್ಚುತ್ತಿತ್ತು. ಇದನ್ನು ಮುಚ್ಚಿಟ್ಟು ಹೇಳುವ ಅಗತ್ಯ ನನಗೇನೂ ಕಾಣುವುದಿಲ್ಲ.

ಮೂರು ವರ್ಷದ ಹಿಂದೆ ಅವಳ ಗಂಡ ಮುನಿಶಾಮಿ ಕೆಲಸಕ್ಕೆಂದು ಹೋದವನು ತಿರುಗಿ ಬರಲಿಲ್ಲ. ಆಗ ಅವಳಿಗೆ ಉಳಿದದ್ದು ಎರಡು ಕೈ. ಕೋಲಾರದ ಬಟ್ಟೆ ಅಂಗಡಿಗಳ ಹಿಂದೆ ರಾಶಿ ಹಾಕಿ ಸುಡುತ್ತಿದ್ದ ಕಾಗದವನ್ನು ಕೇಳಿ ತಂದಳು. ಮಾಲೂರಿನ ಗರುಡ ಹೆಂಚಿನ ಕಾರ್ಖಾನೆಯವರು ಕೆರೆ ಅಂಗಳಕ್ಕೆ ಸುರಿಯುತ್ತಿದ್ದ ಒಡಕು ಹೆಂಚನ್ನು ಗಾಡಿಯಲ್ಲಿ ತರಿಸಿದಳು. ಒಬ್ಬಳಿದ್ದಲ್ಲಿ ಎಂಟು ಹೆಂಗಸರಾದರು.

ಶೆಡ್ಡಿನಲ್ಲಿ ಪ್ರತಿಯೊಂದಕ್ಕೂ ಒಂದು ಮೂಲೆ. ಇಡಿಯಾದ ಶುದ್ಧ ಪೇಪರು ಹುಳುಮನೆಗಳಿಗೆ, ತಟ್ಟೆಯಲ್ಲಿ ಸೊಪ್ಪಿನ ಕೆಳಗೆ ಹಾಸಲು. ಹರಿದದ್ದು ರಟ್ಟು ಮಾಡುವ ಮಿಲ್ಲಿಗೆ. ಸೀಸೆ ತೊಳೆದು ಔಷಧಿ ಅಂಗಡಿಗೆ, ಡಬ್ಬ ಬುಡ್ಡಿದೀಪ ಮಾಡುವವನಿಗೆ, ಒಡಕು ಹೆಂಚು ಕುಟ್ಟಿ ಪುಡಿ ಮಾಡಿ ಗಾರೆ ಕೆಲಸದವರಿಗೆ. ಕಾರ್ಖಾನೆಯವರೂ ಈಗ ಆ ಪುಡಿಯನ್ನೇ ವಾಪಸು ಕೇಳಿ ಜೇಡಿಮಣ್ಣಿಗೆ ಬೆರೆಸುತ್ತಿದ್ದರು. ಕೆರೆಯಂಗಳದಲ್ಲಿ ದನದ ಕಾಲಿಗೆ ಹೆಂಚು ಚುಚ್ಚುವುದು ನಿಂತಿತ್ತು. ಇಷ್ಟಕ್ಕೂ ಇವತ್ತು ಬೀಗ.

ಗಂಗುಲಪ್ಪ ಒಂದು ತಟ್ಟೆಯ ಸೊಪ್ಪನ್ನು ಸರಿಸಿ ಅಡಿಯ ಪೇಪರನ್ನು ಎಳೆದ. ಮೂಲೆಯಲ್ಲಿದ್ದ ತಾರೀಕನ್ನು ಕಣ್ಣಿಗೆ ಹತ್ತಿರ ಹಿಡಿದ.

"ಶ್ಯಾಮಲಾ, ಈ ಮನೆಗೆ ಪೇಪರು ಯಾವತ್ತು ಕೊಟ್ಟೆ?"

"ಸೋಮವಾರ ಅಣ್ಣ. ಆಗಸ್ಟ್ ಆರು. ಮೂರು ಮನೆಗೂ ಅವತ್ತೇ, ನಾನೇ ತಲೆ ಮೇಲೆ ಹೊತ್ತು ಕೊಟ್ಟೆ."

"ಆಮೇಲೆ?"

"ಆಮೇಲೆ ಕೊಟ್ಟಿಲ್ಲ. ಕಸ ತೆಗೆದಾಗ ಅದನ್ನೇ ಕೊಡವಿ ಮತ್ತೆ ಹಾಸ್ತಾರೆ. ಒಂದು ಬೆಳೆಗೆ ಒಂದೇ ಕಟ್ಟು ಸಾಕು."

"ಇದು ಹನ್ನೊಂದನೇ ತಾರೀಕಿನ ಪೇಪರು."

ಶ್ಯಾಮಲಮ್ಮ ಅರ್ಥವಾಗದೆ ನೋಡಿದಳು. ಗಂಗುಲಪ್ಪ ಎರಡನೇ ತಟ್ಟೆ ಎಳೆದ. ಹನ್ನೊಂದು. ಮೂರನೆಯದು. ಹನ್ನೊಂದು. ನಾಲ್ಕನೆಯದು ಒಂಬತ್ತು.

"ಆರನೇ ತಾರೀಕು ನೀನು ಹೊತ್ತು ತಂದ ಕಟ್ಟಿನಲ್ಲಿ ಹನ್ನೊಂದನೇ ತಾರೀಕಿನ ಪೇಪರು ಹೇಗಮ್ಮಾ ಇರುತ್ತೆ? ಇನ್ನೂ ಅಚ್ಚೇ ಆಗಿರಲಿಲ್ಲವಲ್ಲ!"

ಶ್ಯಾಮಲಮ್ಮನ ಕೈ ತಾನಾಗಿ ಬಾಯಿಗೆ ಹೋಯಿತು. ಎರಡು ದಿನದಿಂದ ಬೈಗುಳ ತಿಂದು ಗಟ್ಟಿಯಾಗಿದ್ದ ಮುಖ ಒಮ್ಮೆಲೇ ಅಳುಮೋರೆಯಾಯಿತು. ಆದರೆ ಅವಳು ಅಳಲಿಲ್ಲ.

"ಹಂಗಾದ್ರೆ ಇವು ನನ್ನವಲ್ಲ," ಎಂದಳು.

"ಅಲ್ಲ."

ಗಂಗುಲಪ್ಪ ಪೇಪರಿನ ಮಡಿಕೆಯನ್ನು ಬಿಡಿಸಿ ಮೂಗಿಗೆ ಹಿಡಿದ. ಮಡಿಕೆಯಲ್ಲಿ ಕಂದು ಬಣ್ಣದ ಪುಡಿ ಸಿಕ್ಕಿಕೊಂಡಿತ್ತು. ಯಾವ ನಶ್ಯಕ್ಕಾಗಿ ಅವನನ್ನು ಹೊಸ್ತಿಲಲ್ಲಿ ತಡೆದರೋ ಆ ಚಟವೇ ಈಗ ಉಪಯೋಗಕ್ಕೆ ಬಂತು. ಹೊಗೆಸೊಪ್ಪಿನ ಜಾತಿಯಲ್ಲಿ ಅವನಿಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ.

"ಕಡ್ಡಿಪುಡಿ," ಎಂದ. "ಇದರಲ್ಲಿ ಯಾರೋ ಕಡ್ಡಿಪುಡಿ ಸುತ್ತಿಟ್ಟಿದ್ದರು. ಹುಳು ಸತ್ತದ್ದು ಹೀಗೆ."

ಬಾಗಿಲ ಬಳಿ ಪೊರಕೆ ಕೆಳಗೆ ಬಿದ್ದ ಸದ್ದಾಯಿತು.

ಗಂಗುಲಪ್ಪ ತಿರುಗಿದ. ದೊಡ್ಡಮುನಿಯಮ್ಮ ಗೋಡೆ ಹಿಡಿದುಕೊಂಡು ನಿಂತಿದ್ದಳು.

"ಒಳಗೆ ಬಾರಮ್ಮ. ಆ ಚೊಂಬೂ ತಗೊಂಡು ಬಾ."

"ಚೊಂಬು ಯಾಕೆ?"

"ತಾ ಅಂದೆ."

ಅವಳು ತಂದಳು. ಗಂಗುಲಪ್ಪ ಅದನ್ನು ಬೆಳಕಿಗೆ ಹಿಡಿದು ಕಂಠದ ಸುತ್ತ ತಿರುಗಿಸಿ ನೋಡಿದ.

"ಎಲ್ಲಿ ಕೊಂಡೆ?"

"ಕೋಲಾರದಾಗೆ. ಅಂಗಡೀಲಿ."

"ಅಂಗಡೀಲಿ ಕೊಂಡು ಹೆಸರು ಹಾಕಿಸಲಿಲ್ವಾ?"

ಈ ಸೀಮೆಯಲ್ಲಿ ಯಾವ ಹೆಂಗಸೂ ಅಂಗಡಿಯಲ್ಲಿ ಸ್ಟೀಲ್ ಪಾತ್ರೆ ಕೊಂಡು ಹೆಸರು ಕೆತ್ತಿಸದೆ ಮೆಟ್ಟಿಲು ಇಳಿಯುವುದಿಲ್ಲ. ಮದುವೆಗೋ ಮುಂಜಿಗೋ ನೆರೆಮನೆಗೆ ಎರವಲು ಹೋದ ಪಾತ್ರೆ ವಾಪಸು ಬರಬೇಕಲ್ಲ. ಹೆಸರಿಲ್ಲದ ಹೊಸ ಪಾತ್ರೆ ಸಿಗುವುದು ಒಬ್ಬನೇ ಒಬ್ಬನ ಹತ್ತಿರ. ಬೀದಿಯಲ್ಲಿ ಹಳೇ ಬಟ್ಟೆಗೆ ಪಾತ್ರೆ ಕೊಡುತ್ತಾ ಬರುವವನ ಹತ್ತಿರ.

"ಬೆಳಗ್ಗೆ ಆಂಜಿನಮ್ಮನ ಮನೇಲಿ ಮಜ್ಜಿಗೆ ಕೊಟ್ಟರು," ಎಂದ ಗಂಗುಲಪ್ಪ. "ಹೊಸ ಲೋಟ. ಹೆಸರಿಲ್ಲ. ಮೂರನೇ ಮನೇಲಿ ನೀರು ಕೊಟ್ಟರು. ಅಲ್ಲೂ ಹೊಸ ಲೋಟ, ಅಲ್ಲೂ ಹೆಸರಿಲ್ಲ. ಹುಳು ಸತ್ತಿದ್ದೂ ಅವೇ ಮೂರು ಮನೇಲಿ. ಈಗ ಹೇಳು. ಹಳೇ ಬಟ್ಟೆ ಕೊಟ್ಟೆಯಾ, ಇನ್ನೇನಾದರೂ ಕೊಟ್ಟೆಯಾ?"

"ನಾಕೇಮಿ ತೆಲುಸು..." ಏನೂ ಗೊತ್ತಿಲ್ಲವೆಂದು ತೆಲುಗಿನಲ್ಲಿ ಗೊಣಗಿದಳು. ಗಾಬರಿಯಾದಾಗ ಅವಳಿಗೆ ತವರಿನ ಮಾತು ಬರುತ್ತಿತ್ತು.

"ದೊಡ್ಡಮುನಿಯಕ್ಕಾ." ಮಾತಾಡಿದ್ದು ಶ್ಯಾಮಲಮ್ಮ. ದನಿ ಏರಿರಲಿಲ್ಲ. "ನಿನ್ನ ಮಗಳ ಬಾಣಂತನಕ್ಕೆ ನಾನು ಹದಿನೈದು ದಿನ ಬಂದು ಮಾಡಿದೀನಿ. ಮೊನ್ನೆ ನಿನ್ನ ಗಂಡ ಅಷ್ಟು ಜನರ ಮುಂದೆ ನನ್ನ ಮೇಲೆ ಕೈ ಎತ್ಕೊಂಡು ಬಂದ. ನೀನು ಅಲ್ಲೇ ನಿಂತಿದ್ದೆ. ಗೊತ್ತಿದ್ದೂ ಸುಮ್ನಿದ್ದೆಯಾ?"

ಅಷ್ಟು ಸಾಕಾಯಿತು. ದೊಡ್ಡಮುನಿಯಮ್ಮ ನೆಲಕ್ಕೆ ಕುಸಿದು ಕೂತಳು.

"ತಪ್ಪಾಯ್ತು ಕಣೇ. ಹೇಳಿದ್ರೆ ನಮ್ಮೆಜಮಾನ್ರು ಬಿಡ್ತಿದ್ರಾ? ಸಾವಿರಾರು ಹುಳದ ಬೆಳೆ ಒಂದು ಚೊಂಬಿಗೆ ಕೊಂದೆ ಅಂತ ನನ್ನನ್ನ ಆಚೆ ಹಾಕ್ತಿದ್ರು. ಆಂಜಿನಮ್ಮಾನೂ ಹಂಗೇ ಅಂದ್ಲು. ಮೂರು ಜನಾನೂ ಬಾಯಿ ಬಿಡೋದು ಬೇಡ ಅಂತ..."

"ಯಾವತ್ತು ಬಂದ ಅವನು?" ಗಂಗುಲಪ್ಪ ಕೇಳಿದ.

"ಮಂಗಳವಾರ ಮಧ್ಯಾಹ್ನ. ಗಂಡಸರೆಲ್ಲ ಸೊಪ್ಪು ಕೊಯ್ಯೋಕೆ ಹೋಗಿದ್ರು. ಸೈಕಲ್ ಹಿಂದೆ ಪಾತ್ರೆ ಬುಟ್ಟಿ. ಮುಳಬಾಗಿಲ ಕಡೆಯವನಂತೆ. ಬಟ್ಟೆ ಬೇಡಮ್ಮ, ಹುಳದ ಕೆಳಗೆ ಹಾಸಿರೋ ಪೇಪರು ಕೊಡಿ ಅಂದ."

"ಹುಳದ ಹಿಕ್ಕೆ ಮೆತ್ತಿರೋ ಪೇಪರಿಗೆ ಸ್ಟೀಲ್ ಚೊಂಬು! ನಿಂಗೆ ವಿಚಿತ್ರ ಅನ್ನಿಸಲಿಲ್ವಾ?"

"ಅನ್ನಿಸ್ತು. ಅದಕ್ಕೇ ಬೇಗ ಕೊಟ್ಟೆ, ಅವನು ಮನಸ್ಸು ಬದಲಾಯಿಸೋಕೆ ಮುಂಚೆ."

ಶ್ಯಾಮಲಮ್ಮನಿಗೆ ಆ ಹೊತ್ತಿನಲ್ಲೂ ನಗು ಬರುವಂತಾಯಿತು. ಗಂಗುಲಪ್ಪ ನಗಲಿಲ್ಲ.

"ಬದಲಿಗೆ ಅವನೇ ಬೇರೆ ಪೇಪರು ಕೊಟ್ಟನಾ?"

"ಹೂಂ. ತಟ್ಟೆ ಬರಿದಾಗಬಾರದು ನೋಡಿ. ಅವನೇ ಒಂದು ಕಟ್ಟು ಕೊಟ್ಟ. ಸೊಪ್ಪಿನ ವಾಸನೇಲಿ ನಂಗೇನೂ ಗೊತ್ತಾಗ್ಲಿಲ್ಲ. ಬೆಳಗ್ಗೆ ಹುಳು ತಲೆ ಎತ್ತಿ ಒದ್ದಾಡೋಕೆ ಶುರು ಮಾಡಿದಾಗ್ಲೇ ಎದೆ ಒಡೀತು."

ಗಂಗುಲಪ್ಪ ಕಂದು ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿದ. ಹುಳು ಸಾಕುವ ಊರಿನವನು ಯಾರೂ ಈ ತಪ್ಪು ಮಾಡಲಾರ. ಇದು ಹುಳುವಿನ ಗಂಧ ಗಾಳಿ ಗೊತ್ತಿಲ್ಲದವನ ಕೆಲಸ. ಪಾತ್ರೆಯ ಜೊತೆ ಕಡ್ಡಿಪುಡಿಯನ್ನೂ ಮಾರುತ್ತಿದ್ದವನು ಕೈಗೆ ಸಿಕ್ಕಿದ ಪೇಪರು ಕೊಟ್ಟು ಹೋಗಿದ್ದಾನೆ. ಹುಳು ಕೊಲ್ಲುವುದು ಅವನ ಉದ್ದೇಶವೇ ಅಲ್ಲ.

ಎರಡು ದಿನದಿಂದ ಇಡೀ ಊರು ತಟ್ಟೆಯಲ್ಲಿ ಏನು ಹಾಕಿದರು ಎಂದೇ ಕೇಳುತ್ತಿತ್ತು. ಕೇಳಬೇಕಾದದ್ದು ತಟ್ಟೆಯಿಂದ ಏನು ತೆಗೆದುಕೊಂಡು ಹೋದರು ಎಂದು.

"ಎಲ್ಲ ಪೇಪರೂ ಬೇಕು ಅಂದನಾ?"

"ಉದ್ದ ಹಾಳೆ ಒಂದೂ ಬಿಡಬೇಡಿ ಅಂದ. ಗೆರೆ ಹೊಡೆದ ದಪ್ಪ ಹಾಳೆ. ಶ್ಯಾಮಲಮ್ಮನ ಶೆಡ್ಡಿಂದ ಬಂದವು ಅಂತ್ಲೂ ಅವನೇ ಹೇಳ್ದ."

ಗಂಗುಲಪ್ಪ ಶ್ಯಾಮಲಮ್ಮನ ಕಡೆ ನೋಡಿದ.

"ಹೌದಣ್ಣ, ಇದ್ವು," ಎಂದಳು ಅವಳು. "ಹೆಂಚಿನ ಕಾರ್ಖಾನೇಲಿ ಹೊಸ ಗುಮಾಸ್ತ ಬಂದು ಬೀರು ಖಾಲಿ ಮಾಡ್ಸಿದ್ದ. ಹಳೇ ಪುಸ್ತಕಗಳು. ರಟ್ಟು ಕಿತ್ತು ಮಿಲ್ಲಿಗೆ ಹಾಕಿದ್ವಿ. ಒಳಗಿನ ಹಾಳೆ ದಪ್ಪ ಇತ್ತು, ತೇವ ಹೀರುತ್ತೆ ಅಂತ ಈ ಮೂರು ಮನೆಗೆ ಪೇಪರ್ ಜೊತೆ ಸೇರಿಸಿ ಕೊಟ್ಟೆ."

"ಈ ಮೂರೇ ಮನೆಗೆ ಅಂತ ಯಾರಿಗೆ ಗೊತ್ತಿತ್ತು?"

"ಹೊತ್ಕೊಂಡು ಹೋಗೋವಾಗ ದಾರೀಲಿ ನೂರು ಜನ ಮಾತಾಡಿಸ್ತಾರೆ. ಯಾರಿಗೆ ಹೇಳ್ದೆ, ಯಾರಿಗೆ ಬಿಟ್ಟೆ, ನೆನಪಿಲ್ಲ."

"ಹಾಳೆಯೆಲ್ಲ ಹೋಯ್ತು ಹಾಗಾದರೆ."

"ಎಲ್ಲಾನೂ ಇಲ್ಲ," ಎಂದಳು ದೊಡ್ಡಮುನಿಯಮ್ಮ ಮೆಲ್ಲಗೆ.

ಇಬ್ಬರೂ ಅವಳತ್ತ ತಿರುಗಿದರು. ಅವಳು ಪಡುವಣ ಗೋಡೆಯ ಕಿಟಕಿ ತೋರಿಸಿದಳು. ಊಜಿ ನೊಣ ಬಂದು ಹುಳುವಿನ ಮೇಲೆ ಮೊಟ್ಟೆಯಿಡದಂತೆ ಕಿಟಕಿಗೆ ಜಾಲರಿ ಬಡಿದಿದ್ದರು. ಜಾಲರಿ ಒಂದು ಕಡೆ ಹರಿದಿತ್ತು. ಆ ತೂತಿಗೆ ರಾಗಿಗಂಜಿ ಮೆತ್ತಿ ಉದ್ದನೆಯ ಹಾಳೆಯೊಂದನ್ನು ಅಂಟಿಸಿದ್ದರು.

"ಒಂದು ಹಾಳೆ ಮೊದ್ಲೇ ಅಂಟಿಸಿದ್ದೆ. ಅವನಿಗೆ ಹೇಳೋದು ಮರೆತೆ."

ಮಧ್ಯಾಹ್ನದ ಬಿಸಿಲು ಹಾಳೆಯ ಹಿಂದಿನಿಂದ ಬೀಳುತ್ತಿತ್ತು. ಗೆರೆಗಳು, ಹೆಸರುಗಳು, ಸಹಿಗಳು ಒಂದೊಂದಾಗಿ ಕಂಡವು. ಗಂಗುಲಪ್ಪ ಕನ್ನಡಕ ಹಾಕಿಕೊಂಡ. ಕಾರ್ಖಾನೆಯ ಗೇಟಿನಲ್ಲಿಡುವ ಹಾಜರಿ ಪುಸ್ತಕದ ಹಾಳೆ. ಎಡಗಡೆ ಹೆಸರು, ನಡುವೆ ಒಳಗೆ ಬಂದ ಸಹಿ, ಬಲಗಡೆ ಹೊರಗೆ ಹೋದ ಸಹಿ. ಮೇಲೆ ತಾರೀಕು: 9 ಜೂನ್ 1981.

ಆ ತಾರೀಕನ್ನು ಗಂಗುಲಪ್ಪ ಎರಡು ಸಲ ಓದಿದ. ಅದು ಅವನೇ ತನ್ನ ಕೈಯಾರೆ ಠಾಣೆಯ ಕಾಗದದಲ್ಲಿ ಬರೆದ ತಾರೀಕು.

"ಏನಣ್ಣ?" ಎಂದು ಹತ್ತಿರ ಬಂದ ಶ್ಯಾಮಲಮ್ಮನ ಕಣ್ಣು ಹಾಳೆಯ ನಡುವೆ ನಿಂತಿತು. ಅವಳಿಗೆ ಹೆಚ್ಚು ಓದು ಬರುತ್ತಿರಲಿಲ್ಲ. ಆದರೆ ಒಂದು ಸಹಿಯನ್ನು ಅವಳು ಕತ್ತಲಲ್ಲೂ ಗುರುತಿಸಬಲ್ಲಳು. ಕೊನೆಯಲ್ಲಿ ಉದ್ದ ಗೆರೆ, ಗೆರೆಯ ಕೆಳಗೆ ಎರಡು ಚುಕ್ಕೆ.

"ಇದು ನಮ್ಮನೆಯವರದು," ಎಂದಳು.

ಅವಳು ಬೆರಳಿಟ್ಟು ಗೆರೆಗುಂಟ ಬಲಕ್ಕೆ ಸರಿದಳು. ಮೇಲಿನವನು ಹೊರಗೆ ಹೋದ ಸಹಿ ಇತ್ತು. ಕೆಳಗಿನವನದೂ ಇತ್ತು. ಮುನಿಶಾಮಿಯ ಸಾಲಿನಲ್ಲಿ ಆ ಜಾಗ ಖಾಲಿ.

"ಒಳಗೆ ಹೋಗಿದಾರೆ. ಆಚೆ ಬಂದಿಲ್ಲ."

ಗಂಗುಲಪ್ಪನಿಗೆ ತನ್ನ ಮೇಲೆ ಅಸಹ್ಯ ಬಂತು. ಮೂರು ವರ್ಷದ ಹಿಂದೆ ಇದೇ ಹೆಂಗಸು ಠಾಣೆಯ ಮೆಟ್ಟಿಲ ಮೇಲೆ ಎರಡು ಹಗಲು ಕೂತಿದ್ದಳು. ಆ ಆಳು ಅವತ್ತು ಕೆಲಸಕ್ಕೇ ಬರಲಿಲ್ಲ ಎಂದು ಕಾರ್ಖಾನೆಯವರು ಹೇಳಿದರು. ಹಾಜರಿ ಪುಸ್ತಕ ತರಿಸಿ ನೋಡುವ ಕಷ್ಟವನ್ನೂ ತೆಗೆದುಕೊಳ್ಳದೆ, ಗಂಡ ಮನೆ ಬಿಟ್ಟು ಹೋಗಿದ್ದಾನೆಂದು ಬರೆದು ಮುಗಿಸಿದವನು ಇವನೇ. ಅವಳನ್ನು ನೋಡಿ ಊರು ನಕ್ಕದ್ದು ಅವನ ಆ ಒಂದು ಸಾಲಿನಿಂದ.

"ಶ್ಯಾಮಲಾ, ಅವತ್ತು ನಾನು ತಪ್ಪು ಬರೆದೆ," ಎಂದ. "ಈ ಸಲ ಮುಗಿಸದೆ ಬೈರಕೂರಿಗೆ ಹೋಗೋದಿಲ್ಲ."

ಅವಳು ಅವನತ್ತ ನೋಡಲಿಲ್ಲ. ಸೆರಗು ನೀರಿಗದ್ದಿ ಗಂಜಿಯನ್ನು ನೆನೆಸಿ, ಒಂದು ಮೂಲೆಯೂ ಹರಿಯದಂತೆ ಹಾಳೆಯನ್ನು ಬಿಡಿಸತೊಡಗಿದಳು. ಮೂರು ವರ್ಷ ಕಾಗದ ಬಿಡಿಸಿದ ಬೆರಳಿಗೆ ಅದು ಗೊತ್ತಿದ್ದ ಕೆಲಸ.

"ಕೋದಂಡರಾಮ ಮಾವ ಅವತ್ತು ಗೇಟಿನ ಮೇಸ್ತ್ರಿ ಆಗಿದ್ರು," ಎಂದಳು. "ಮುನಿಶಾಮಿ ಬರ್ಲೇ ಇಲ್ಲಮ್ಮ ಅಂದಿದ್ರು. ಪಾಪ, ಅಷ್ಟು ಜನರಲ್ಲಿ ನೆನಪು ತಪ್ಪಿರಬೇಕು."

ಗಂಗುಲಪ್ಪ ಕನ್ನಡಕ ತೆಗೆದು ಮಡಿಸಿದ. ಕೋದಂಡರಾಮಪ್ಪ ಈ ಊರಿನವನೇ. ಶ್ಯಾಮಲಮ್ಮನಿಗೆ ಶೆಡ್ಡಿಗೆಂದು ತನ್ನ ದನದ ಕೊಟ್ಟಿಗೆ ಬಿಟ್ಟುಕೊಟ್ಟವನು. ಕಾರ್ಖಾನೆಯ ಒಡಕು ಹೆಂಚನ್ನು ಅವಳಿಗೆ ಕೊಡಿಸಿದವನು. ಇಡೀ ಊರು ಅವಳಿಗೆ ಬೆನ್ನು ತಿರುಗಿಸಿದಾಗಲೂ ಅವಳ ಪರ ಮಾತಾಡುತ್ತಿದ್ದ ಒಬ್ಬನೇ ಹಿರಿಯ.

ಹಾಳೆ ಬಿಟ್ಟುಬಂತು. ಆ ಹೊತ್ತಿಗೇ ಹೊರಗೆ ಚಪ್ಪಲಿ ಬಿಟ್ಟ ಸದ್ದು ಕೇಳಿತು.

"ಅಮ್ಮಾ ಶ್ಯಾಮಲಾ, ಒಳಗಿದೀಯಾ?" ಕೋದಂಡರಾಮಪ್ಪನ ದನಿ. ಬಿಳಿ ಪಂಚೆ, ಹೆಗಲ ಮೇಲೆ ಟವೆಲು, ಮುಖದಲ್ಲಿ ನಿಜವಾದ ಮರುಕ. "ಕಟ್ಟೆ ಹತ್ರ ಜನ ಸೇರ್ತಾ ಇದಾರೆ. ನಡಿ, ಜೊತೇಲೇ ಹೋಗೋಣ. ಬೀಗ ಹಾಕಿದ್ರೂ ಸ್ವಲ್ಪ ದಿನ ಅಷ್ಟೇ. ನಾನಿದೀನಿ."

ಅವನು ಸುಣ್ಣದ ಪುಡಿ ತುಳಿದು ಒಳಗೆ ಬಂದ. ದೊಡ್ಡಮುನಿಯಮ್ಮ ನೆಲದಲ್ಲಿ ಕೂತಿರುವುದನ್ನು ಕಂಡ. ಗಂಗುಲಪ್ಪನನ್ನು ಕಂಡ. ಆಮೇಲೆ ಶ್ಯಾಮಲಮ್ಮನ ಕೈ ಕಂಡಿತು.

"ಅರೆ, ಅವು ಎಲ್ಲಾ ಹೋಗಿದ್ವಲ್ಲ," ಎಂದ. "ಇದೊಂದು ಹಾಳೆ ಹೆಂಗೆ ಉಳೀತು?"

ಶ್ಯಾಮಲಮ್ಮ ಹಾಳೆಯನ್ನು ತನ್ನತ್ತ ಎಳೆದುಕೊಂಡಳು. ತಟ್ಟೆಯ ಮೇಲೆ ನೊಣಗಳು ಗುಂಯ್ಗುಡುತ್ತಿದ್ದವು.

"ಹಾಳೆ ಹೋಗಿದ್ದು ಈ ಮೂರು ಮನೆ ಹೆಂಗಸರಿಗೆ ಗೊತ್ತು," ಎಂದಳು ಶ್ಯಾಮಲಮ್ಮ ನಿಧಾನವಾಗಿ. "ಅವರು ಗಂಡಂದಿರಿಗೂ ಹೇಳಿಲ್ಲ. ನಮಗೆ ಗೊತ್ತಾಗಿ ಅರ್ಧ ಗಂಟೆ ಆಗಿಲ್ಲ. ನಿಮಗೆ ಯಾರು ಹೇಳಿದ್ರು, ಮಾವ?"

ಕೋದಂಡರಾಮಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ಗಂಗುಲಪ್ಪ ಎರಡು ಹೆಜ್ಜೆ ಸರಿದು ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

ಅವಳಿಗೆ ಈಗ ನೆನಪಾಯಿತು. ಆರನೇ ತಾರೀಕು, ತಲೆಯ ಮೇಲೆ ಕಟ್ಟು, ಎದುರಿಗೆ ಬಂದ ಮಾವ. ಏನಮ್ಮ ಇಷ್ಟು ಭಾರ ಎಂದು ಕೇಳಿ, ಕಟ್ಟಿಗೆ ಒಂದು ಕೈ ಕೊಟ್ಟು ನೆಟ್ಟಗೆ ಕೂರಿಸಿದ್ದರು. ಯಾವ ಯಾವ ಮನೆಗೆ ಎಂದೂ ಕೇಳಿದ್ದರು.

"ಶ್ಯಾಮಲಾ," ಎಂದ ಅವನು ಕೊನೆಗೆ. ದನಿಯಲ್ಲಿ ಮರುಕ ಹಾಗೇ ಇತ್ತು. "ಆ ಹಾಳೆ ನನ್ನ ಕೈಗೆ ಕೊಡು ತಾಯಿ. ಅದು ಕಟ್ಟೆ ಮುಟ್ಟಬಾರದು. ಮುನಿಶಾಮಿ ಬದುಕಿದಾನೆ. ಎಲ್ಲಿದಾನೆ ಅಂತ ನನಗೊಬ್ಬನಿಗೇ ಗೊತ್ತು. ಆ ಹಾಳೆ ಊರ ಮುಂದೆ ಬಂದ್ರೆ, ಸಂಜೆ ಒಳಗೆ ಅವನು ಇರಲ್ಲ."

ಮೂರು ವರ್ಷ ಹಣೆಯ ಕುಂಕುಮ ಒರೆಸದೆ ಕಾದವಳು ಅವಳು. ಬದುಕಿದ್ದಾನೆ ಎಂಬ ಒಂದೇ ಮಾತಿಗೆ ತಟ್ಟೆಯ ಚೌಕಟ್ಟು ಹಿಡಿದುಕೊಂಡಳು. ಕೋದಂಡರಾಮಪ್ಪ ಕೈ ಚಾಚಿದ. ದೂರದಲ್ಲಿ ಕಟ್ಟೆಯ ಬಳಿ ತಮಟೆಯವನು ಜನರನ್ನು ಕರೆಯಲು ಬಾರಿಸತೊಡಗಿದ.

ಶ್ಯಾಮಲಮ್ಮ ಹಾಳೆಯನ್ನು ನಾಲ್ಕಾಗಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ದಫೇದಾರಣ್ಣ, ಬಾಗಿಲು ಹಾಕಿ," ಎಂದಳು. "ಅವರು ಎಲ್ಲಿದಾರೆ ಅಂತ ಮಾವ ಹೇಳೋವರೆಗೂ ಇಲ್ಲಿಂದ ಯಾರೂ ಆಚೆ ಹೋಗಲ್ಲ."